ಕೊನೆ ಕೇಳಿಸದ ಕ್ಯಾಸೆಟ್ಟು

ಸರಕಾರಿ ನೌಕರ ವಯಸ್ಸಿಗೆ ನಿವೃತ್ತನಾಗುತ್ತಾನೆ, ಬ್ಯಾಂಡಿನವನು ಹಲ್ಲಿಗೆ ನಿವೃತ್ತನಾಗುತ್ತಾನೆ. ಕ್ಲಾರಿನೆಟ್ ಊದುವವನಿಗೆ ಮೇಲಿನ ಎರಡು ಮುಂದಿನ ಹಲ್ಲುಗಳೇ ಆಧಾರ. ನನ್ನ ಒಂದು ಹಲ್ಲು ಮದುವೆಯೊಂದರಲ್ಲಿ ಕಟಕ ಸಜ್ಜಿ ರೊಟ್ಟಿ ಕಡಿಯುವಾಗ ಅಲ್ಲಾಡಿ ಹೋಯಿತು. ಜೊತೆಯವನು ಹೋದ ದುಃಖಕ್ಕೆ ಇನ್ನೊಂದು ಮೂರೇ ತಿಂಗಳಲ್ಲಿ ಅದರ ಹಿಂದೆ ಹೊರಟಿತು. ಹಾರ ಇಲ್ಲ, ಶಾಲು ಇಲ್ಲ, ಬೀಳ್ಕೊಡುಗೆಯ ಭಾಷಣ ಇಲ್ಲ. ನಮ್ಮ ಮನೆಯಾಕೆ ಕೆಂಪು ಕೋಟನ್ನು ಒಗೆದು, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಳು. ಅಲ್ಲಿಗೆ ನನ್ನ ನೌಕರಿ ಮುಗಿಯಿತು.

ನನ್ನ ಹೆಸರು ದಸ್ತಗೀರ್, ಊರು ಸಿಂದಗಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಸಿಂದಗಿ, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಬ್ಯಾಂಡು ಹೋಗದ ಹಳ್ಳಿ ಕಡಿಮೆ. ಎಷ್ಟೋ ಜೋಡಿಗಳನ್ನು ಊದಿ ಊದಿ ಹಂದರದೊಳಗೆ ಕಳಿಸಿದ್ದೇನೆ. ಮುಂದೆ ಅವರ ಸಂಸಾರ ಹೇಗಾಯಿತು ಎನ್ನುವುದಕ್ಕೆ ಮಾತ್ರ ನಾನು ಜವಾಬ್ದಾರನಲ್ಲ. ಈಗ ಬ್ಯಾಂಡಿಗೆ ಹೊಸದಾಗಿ ಸೇರುವವರು ಬಂದು, "ಕಾಕಾ, ನಿಮ್ಮ ಅನುಭವದ್ದು ಎರಡು ಮಾತು ಹೇಳ್ರಿ" ಎನ್ನುತ್ತಾರೆ. ಹೇಳಿದ್ದು ಮರೆತುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲನೆಯ ಮಾತು ನನ್ನದಲ್ಲ, ನನ್ನ ಉಸ್ತಾದರದು. ಹುಸೇನಸಾಬರು ಅಂತ. ಕೈಯಲ್ಲಿ ಸದಾ ಒಂದು ಬೆತ್ತ ಇರುತ್ತಿತ್ತು. ಸ್ವರ ತಪ್ಪಿದರೆ ಬೆತ್ತ ಕಾಲಿಗೆ ಬೀಳುತ್ತಿತ್ತು, ತಾಳ ತಪ್ಪಿದರೆ ಬೆನ್ನಿಗೆ. ಹೀಗಾಗಿ ಯಾರು ಏನು ತಪ್ಪಿದರು ಎಂಬುದು ದೂರದಲ್ಲಿ ಕೂತವರಿಗೂ ತಿಳಿಯುತ್ತಿತ್ತು. ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು:

"ಹಾಡು ಅರ್ಧಕ್ಕ ಕಡೀಬ್ಯಾಡ್ರಿ. ಹಾಡು ಅರ್ಧಕ್ಕ ಕಡದ್ರ ಮದಿವಿ ಅರ್ಧಕ್ಕ ಕಡದಂಗ. ಜನ ಕಲ್ಲು ಒಗೀತಾರ."

ಇದು ಬರೀ ಉಸ್ತಾದರ ಹಟವಲ್ಲ, ನಮ್ಮ ಕಡೆಯ ವಾಡಿಕೆ. ಮದುಮಗನ ಮೆರವಣಿಗೆ ಹಣಮಪ್ಪನ ಗುಡಿಯಿಂದ ಹೊರಟು ಹಂದರದ ಬಾಗಿಲಿಗೆ ಬರುತ್ತದೆ. ಅಲ್ಲಿ ಬ್ಯಾಂಡಿನವರು ಒಂದು ಹಾಡನ್ನು ಪೂರ್ತಿ ಬಾರಿಸಬೇಕು. ಅದು ಮುಗಿಯುವ ತನಕ ಮದುಮಗ ಹೊರಗೇ ನಿಲ್ಲಬೇಕು. ಮುಗಿದ ಮೇಲೆ ಆರತಿ, ಆಮೇಲೆ ಅವನ ಬಲಗಾಲು ಒಳಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ನಾವು ಹಾಡು ಕಲಿಯುತ್ತಿದ್ದುದು ಕ್ಯಾಸೆಟ್ಟಿನಿಂದ. ಬ್ಯಾಟರಿ ಉಳಿಸಲು ಪೆನ್ಸಿಲ್ ತೂರಿಸಿ ಟೇಪನ್ನು ಹಿಂದಕ್ಕೆ ಸುತ್ತುವುದು, ಒಂದು ಸಾಲು ಕೇಳುವುದು, ಊದುವುದು, ಮತ್ತೆ ಸುತ್ತುವುದು. ಧಾಟಿ ಸಿಕ್ಕರೆ ಸಾಕು, ಮಾತು ಯಾರಿಗೆ ಬೇಕು? ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಹೊಸ ಹಿಂದಿ ಹಾಡೊಂದನ್ನು ಬಲು ಸೊಗಸಾಗಿ ಊದಿದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳತೊಡಗಿದರು. ನನ್ನ ಊದುವಿಕೆಗೆ ಮನಸೋತರು ಅಂತ ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ಹುಡುಗಿಯ ತಂದೆ ಧಾವಿಸಿ ಬಂದರು.

"ಏ ಮಾಸ್ತರ! ಆ ಪಿಚ್ಚರ್‌ನ್ಯಾಗ ಇದು ಹೀರೋಯಿನ್ ಸತ್ತಾಗ ಹಾಡೂ ಹಾಡೋ ಮಾರಾಯಾ!"

ನಮ್ಮಲ್ಲಿ ಯಾರೂ ಆ ಸಿನಿಮಾ ನೋಡಿರಲಿಲ್ಲ. ಅಂದಿನಿಂದ ಅರ್ಥ ಗೊತ್ತಿಲ್ಲದ ಹಾಡು ಊದುವುದಿಲ್ಲ ಎಂದು ಕಿವಿ ಹಿಡಿದುಕೊಂಡೆ. ಹಿಡಿದ ಕಿವಿಯನ್ನು ಬಿಟ್ಟದ್ದು ಒಂದೇ ಸಲ, ಆ ಒಂದು ಸಲದ ಕತೆಯೇ ಇದು.

ಅದಕ್ಕಿಂತ ಮುಂಚೆ ಯಲ್ಲಪ್ಪನನ್ನು ಪರಿಚಯಿಸಬೇಕು. ನಮ್ಮ ಬ್ಯಾಂಡಿನಲ್ಲಿ ಎಂಟು ಜನ, ದೊಡ್ಡ ಡ್ರಮ್ಮು ಅವನದು. ನನಗಿಂತ ಆರು ವರ್ಷ ಹಿರಿಯ. ಆದರೂ ಅವನು ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದ, ನಾನು ಅವನಿಗೆ ಹಚ್ಚುತ್ತಿರಲಿಲ್ಲ. ಊರ ಹೊರಗಿನ ಕೇರಿಯವನು. ಅವನ ಅಪ್ಪ ಹಲಗಿ ಬಾರಿಸುವುದರಲ್ಲಿ ಹೆಸರು ಮಾಡಿದವನು. ಊಟದ ಹೊತ್ತಿಗೆ ನಾವು ಏಳು ಜನ ಹಂದರದ ಕೊನೆಯ ಪಂಕ್ತಿಯಲ್ಲಿ ಕೂರುತ್ತಿದ್ದೆವು. ಯಲ್ಲಪ್ಪ ಬೇರೆ. ಅವನ ಡ್ರಮ್ಮಿನ ಚೀಲದಲ್ಲಿ ಒಂದು ತಾಟು ಇರುತ್ತಿತ್ತು. ಅದನ್ನು ತೆಗೆದುಕೊಂಡು ದನದ ಕೊಟ್ಟಿಗೆಯ ಹತ್ತಿರವೋ ಬೇವಿನ ಗಿಡದ ಕೆಳಗೋ ಕೂತರೆ ಯಾರಾದರೂ ಬಂದು ಮೇಲಿನಿಂದ ಹಾಕಿ ಹೋಗುತ್ತಿದ್ದರು. ಎಲ್ಲ ಮನೆಗಳಲ್ಲೂ ಹೀಗಿರಲಿಲ್ಲ. ಆದರೆ ಯಾವ ಮನೆಯಲ್ಲಿ ಹೇಗೆ ಅಂತ ನೋಡುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಮನೆಯವರು ಬಾಯಿ ತೆರೆಯುವ ಮೊದಲೇ ನಾನೇ, "ಯಲ್ಲಪ್ಪಾ, ನೀ ಅಲ್ಲೇ ಕುಂದ್ರು" ಎಂದುಬಿಡುತ್ತಿದ್ದೆ. ಮುಜುಗರ ತಪ್ಪಲಿ ಅಂತ. ಯಾರ ಮುಜುಗರ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ತೊಂಬತ್ತರ ದಶಕದ ನಡುವೆ ಇಂಡಿಯಲ್ಲಿ ಒಂದು ಮದುವೆ. ಹುಡುಗಿಯ ಅಣ್ಣ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪಾಟೀಲ ಸರ್. ನಾವು ಬಾರಿಸುವಾಗ ಎಲ್ಲರೂ ಮದುಮಕ್ಕಳನ್ನು ನೋಡಿದರೆ ಇವರು ನಮ್ಮನ್ನು ನೋಡುತ್ತ ನಿಂತಿದ್ದರು. ಮರುದಿನ ಮನೆಗೆ ಕರೆಸಿದರು.

"ಮಾಸ್ತರ, ನಿಮ್ಮ ಹಂಗ ಕ್ಲಾರಿನೆಟ್ಟು, ಟ್ರಂಪೆಟ್ಟು, ಡ್ರಮ್ಮು ಇಟಗೊಂಡು ಒಂದು ದೇಶದಾಗ ಏನು ಮಾಡ್ಯಾರ ಕೇಳ್ರಿ ಇಲ್ಲಿ."

ಪುಣೆಯಲ್ಲಿ ಓದುವಾಗ ಅವರ ರೂಮಿನ ಜೊತೆಗಾರ ನೈಜೀರಿಯಾದವನಂತೆ. ಅವನು ಹಾಕಿಕೊಟ್ಟ ಕ್ಯಾಸೆಟ್ಟು. ಮೇಲಿನ ಚೀಟಿಯ ಅಕ್ಷರ ಬೆವರಿಗೆ ಅಳಿಸಿತ್ತು. ಅವರ ದೇಶದಲ್ಲಿ ಬಲು ಹೆಸರಾದ ಹಳೆಯ ರೆಕಾರ್ಡು, ಈ ಬಗೆಯ ಸಂಗೀತಕ್ಕೆ ಆಫ್ರೋಬೀಟ್ ಎನ್ನುತ್ತಾರೆ, ಅಂದರು ಸರ್. ಬದಿಗೆ ಹದಿನೈದು ನಿಮಿಷದ ಟೇಪು, ಒಂದೊಂದೇ ಹಾಡು.

ಗುಂಡಿ ಒತ್ತಿದರು. ಮೊದಲು ಒಂದು ಗಿಟಾರು ಸಣ್ಣ ಮಾತೊಂದನ್ನು ಹಿಡಿದು ಅದನ್ನೇ ಹೇಳತೊಡಗಿತು. ಅದರ ಕೆಳಗೆ ಇನ್ನೊಂದು, ದಪ್ಪ ದನಿಯದು. ಆಮೇಲೆ ಡ್ರಮ್ಮು. ಇಬ್ಬರು ಮೂವರು ಬಾರಿಸುತ್ತಿದ್ದಾರೆ ಅಂದುಕೊಂಡೆ, ಒಬ್ಬನೇ ಎಂದರು ಸರ್. ಎರಡು ಕೈ, ಎರಡು ಕಾಲು ನಾಲ್ಕು ಕಡೆ ದುಡಿಯುತ್ತಿದ್ದರೂ ಅವನಿಗೆ ಯಾವ ಅವಸರವೂ ಇದ್ದಂತಿರಲಿಲ್ಲ. ನಾನು ಹಾಡು ಶುರುವಾಗಲಿ ಅಂತ ಕಾದೆ. ಚಹಾ ಬಂತು, ಕುಡಿದೆ, ಬಸಿ ಕೆಳಗಿಟ್ಟೆ. ಆಗ ಟ್ರಂಪೆಟ್ಟು, ಸ್ಯಾಕ್ಸೊಫೋನು ಎಲ್ಲ ಒಮ್ಮೆಗೇ ಎದ್ದು ನಿಂತವು. ನನ್ನ ಮೈಮೇಲಿನ ಕೂದಲೂ ಎದ್ದು ನಿಂತವು. ಮೂವತ್ತು ವರ್ಷ ಊದಿದ್ದೇನೆ, ಹಿತ್ತಾಳೆಗೆ ಅಂಥ ಸಿಟ್ಟು ಇದೆ ಎಂದು ನನಗೆ ಅವತ್ತೇ ತಿಳಿದದ್ದು. ನಾವು ಊದುತ್ತಿದ್ದುದು ಜನ ಕುಣಿಯಲಿ ಎಂದು. ಅವರೂ ಕುಣಿಸುತ್ತಿದ್ದರು, ಆದರೆ ಕುಣಿಸುತ್ತಲೇ ಯಾರನ್ನೋ ಜಬರಿಸಿ ಏನನ್ನೋ ಕೇಳುತ್ತಿದ್ದರು. ಹಾಡುಗಾರ ಎಷ್ಟೋ ಹೊತ್ತಿನ ಮೇಲೆ ಬಂದ. ಒಂದು ಪ್ರಶ್ನೆ ಹಾಕಿದ, ಹೆಂಗಸರು ಒಟ್ಟಾಗಿ ಉತ್ತರ ಕೊಟ್ಟರು. ಇನ್ನೊಂದು ಪ್ರಶ್ನೆ ಹಾಕಿದ. ಯಾರೂ ಉತ್ತರ ಕೊಡಲಿಲ್ಲ, ವಾದ್ಯಗಳು ಮಾತ್ರ ಊದಿದವು. ಮತ್ತೆ ಅದೇ ಪ್ರಶ್ನೆ, ಮತ್ತೆ ವಾದ್ಯ. ಹೀಗೆ ಏರುತ್ತ ಏರುತ್ತ ಹೋಗಿ, ಖಟ್!

ಟೇಪು ತೀರಿತ್ತು.

"ಕೊನೀ ಎಲ್ಲೈತ್ರಿ ಸರ್?"

"ಹಾಡು ಕ್ಯಾಸೆಟ್ಟಿಗಿಂತ ಉದ್ದ ಐತಿ ಮಾಸ್ತರ. ಕೊನೀ ನಾನೂ ಕೇಳಿಲ್ಲ."

ಏನು ಹೇಳುತ್ತಾನೆ ಎಂದು ಕೇಳಿದೆ. ಅದು ಅವರ ಸಂತೆಯ ಇಂಗ್ಲಿಷು, ತನಗೂ ಪೂರ್ತಿ ಹಿಡಿಯುವುದಿಲ್ಲ ಎಂದರು. ಹಿಂಬದಿಯ ಹಾಡಿನ ಅರ್ಥ ಮಾತ್ರ ಹೇಳಿದರು. ಕಚೇರಿಗೆ ಹೋದವನಿಗೆ ದಿನಾಲೂ ನಾಳೆ ಬಾ ಎನ್ನುತ್ತಾರೆ, ಹಾಗೇ ಹೋಗಿ ಹೋಗಿ ಅವನಿಗೆ ಮುಪ್ಪು ಬರುತ್ತದೆ. ಅಂಥ ಬಾಗಿಲು ಅಷ್ಟು ದೂರದಲ್ಲೂ ಇದೆ ಎಂದು ತಿಳಿದು ನನಗೆ ನಗು ಬಂತು, ಆ ಹಾಡುಗಾರನ ಮೇಲೆ ಅಕ್ಕರೆಯೂ ಬಂತು. ಮೊದಲ ಹಾಡಿನ ಅರ್ಥ ಗೊತ್ತಿಲ್ಲದಿದ್ದರೂ ಕ್ಯಾಸೆಟ್ಟು ಕೇಳಿ ಪಡೆದೆ. ಕಿವಿ ಬಿಟ್ಟದ್ದು ಆಗಲೇ.

ತಾಲೀಮಿನಲ್ಲಿ ನಮ್ಮವರು ಗೊಣಗಿದರು. "ಮಾಸ್ತರ, ಇದು ಹಾಡೋ ಹನಮಂತನ ಬಾಲೋ? ಚಾಲೂ ಆಗೂದ ಇಲ್ಲ, ಆದ್ರ ಮುಗಿಯೂದ ಇಲ್ಲ!" ಹಿಡಿದವನು ಯಲ್ಲಪ್ಪ ಒಬ್ಬನೇ. ಟೇಪಿನ ಹತ್ತಿರ ಕಿವಿಯಿಟ್ಟು ಕೇಳಿದ, ತೊಡೆಯ ಮೇಲೆ ಬೆರಳಾಡಿಸಿದ.

"ಇದು ನಮ್ಮಪ್ಪನ ಹಲಗಿ ನಡಿನ ಐತ್ರಿ. ಅವ ನಡೂ ಒಂದು ಏಟು ನುಂಗ್ತಿದ್ದ, ಇವನೂ ನುಂಗ್ಯಾನ ನೋಡ್ರಿ."

ನುಂಗಿದ ಆ ಏಟಿನಲ್ಲೇ ಕುಣಿತವೆಲ್ಲ ಇದೆ ಎಂದು ಆಮೇಲೆ ನಮಗೂ ಗೊತ್ತಾಯಿತು. ಯಲ್ಲಪ್ಪನೇ ಎಲ್ಲರಿಗೂ ನಡೆ ಹೇಳಿಕೊಟ್ಟ. ಗಿಟಾರಿನ ಮಾತನ್ನು ಚಿಕ್ಕ ಟ್ರಂಪೆಟ್ಟಿಗೆ ಕೊಟ್ಟೆವು, ಪ್ರಶ್ನೆ ಕೇಳುವ ಹಾಡುಗಾರನ ಪಾಲನ್ನು ನಾನು ಕ್ಲಾರಿನೆಟ್ಟಿಗೆ ಇಟ್ಟುಕೊಂಡೆ. ಎರಡು ತಿಂಗಳು ಬೆವರು ಸುರಿಸಿ ಹಾಡು ಕೂರಿಸಿದೆವು.

ಮೊದಲ ಸಲ ಬಾರಿಸಿದ್ದು ಹೂವಿನ ಹಿಪ್ಪರಗಿಯಲ್ಲಿ, ಹಂದರದ ಬಾಗಿಲಲ್ಲೇ. ಜನ ಮೊದಲು ಮಿಕಿಮಿಕಿ ನೋಡಿದರು, ಆಮೇಲೆ ಒಂದೊಂದೇ ಭುಜ ಅಲ್ಲಾಡತೊಡಗಿತು, ಮುದುಕರೊಬ್ಬರು ರುಮಾಲು ಬೀಸುತ್ತ ಕುಣಿಯುವವರ ನಡುವೆ ಹೊಕ್ಕರು. ನಾನು ಕಣ್ಣು ಮುಚ್ಚಿ ಏರಿಸುತ್ತ ಹೋದೆ. ಟೇಪು ಖಟ್ ಎನ್ನುವ ಜಾಗ ಬಂತು. ಆಗ ನನಗೆ ಹೊಳೆಯಿತು: ಮುಂದೇನು?

ಎರಡು ತಿಂಗಳ ತಾಲೀಮಿನಲ್ಲಿ ನಾವು ಟೇಪು ನಿಂತಲ್ಲಿ ನಿಂತು, ಬೀಡಿ ಹಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆವು. ಕೊನೆ ಅಂತ ಒಂದನ್ನು ಯಾರೂ ಮಾಡಿರಲಿಲ್ಲ! ಅಲ್ಲೇ ನಿಲ್ಲಿಸೋಣವೆಂದರೆ ಹಾಡು ಪ್ರಶ್ನೆಯ ನಡುವೆ ಇದೆ, ಎಂಥ ಕಿವುಡನಿಗೂ ಅರ್ಧಕ್ಕೆ ಕಡಿದದ್ದು ತಿಳಿಯುತ್ತದೆ. ಉಸ್ತಾದರ ಬೆತ್ತ ಕಣ್ಣಮುಂದೆ ಬಂತು. ಮತ್ತೆ ಮೊದಲಿಗೆ ಹೋದೆ. ಮತ್ತೆ ಅದೇ ಜಾಗ ಬಂತು. ಮತ್ತೆ ಮೊದಲಿಗೆ. ಬಾಸಿಂಗ ಕಟ್ಟಿಕೊಂಡ ಮದುಮಗ ಬಿಸಿಲಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಒಳಗಿನಿಂದ ಮದುವೆ ಮಾಡಿಸುವ ಅಯ್ಯನವರು ಅಕ್ಕಿಕಾಳು ಹಾಕುವ ಮುಹೂರ್ತವಾಯಿತೆಂದು ಕೂಗುತ್ತಿದ್ದರು. ಟ್ರಂಪೆಟ್ಟಿನವನ ತುಟಿ ಬಾತು ಬದನೆಕಾಯಿಯಾಗಿತ್ತು. ಮೂರನೇ ಸಲ ಆ ಜಾಗ ಬಂದಾಗ ಯಲ್ಲಪ್ಪ ಕೋಲನ್ನು ತಲೆಯ ಮೇಲೆತ್ತಿ ಧಡಲ್ ಎಂದು ಒಂದೇ ಏಟು ಹಾಕಿದ. ಮನೆಯ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ನಾವೂ ಗಪ್ಪಾದೆವು. ಕೇಳಿದವರಿಗೆ ಹಾಡು ಅಲ್ಲೇ ಮುಗಿಯಬೇಕಿತ್ತು ಅನ್ನಿಸಿತು.

"ಏನಂತ ಹೊಡದಿ?" ಎಂದು ಕೇಳಿದೆ.

"ಮತ್ತೇನು, ಅವರ ಮೊಮ್ಮಕ್ಕಳ ಮದಿವೀತನಾ ಬಾರಸೂದೇನ್ರಿ?"

ಅಂದಿನಿಂದ ಅದು ನಮ್ಮ ಹೆಸರಿನ ಹಾಡಾಯಿತು. ಬಾಗೇವಾಡಿಯಿಂದ ಇಂಗಳೇಶ್ವರದ ತನಕ ಎಲ್ಲ ಕಡೆ "ಆ ಮುಗಿಲಾರದ್ದು ಬಾರಸ್ರಿ" ಅನ್ನತೊಡಗಿದರು. ಕೊನೆ ಮಾತ್ರ ಯಲ್ಲಪ್ಪನ ಕೈಯಲ್ಲಿ. ನಾನು ಕ್ಲಾರಿನೆಟ್ಟು ಮೇಲೆತ್ತಿ ಸನ್ನೆ ಮಾಡಬೇಕು, ಅವನು ಏಟು ಹಾಕಬೇಕು, ಆಗಲೇ ಉಳಿದವರು ನಿಲ್ಲಬೇಕು. ಆ ಹಾಡು ಮುಗಿಸಿ, ಶಹಬಾಸಗಿರಿ ತಗೊಂಡು, ಅವನು ತಾಟು ಹಿಡಿದು ಬೇವಿನ ಗಿಡದ ಕಡೆ ಹೋಗುತ್ತಿದ್ದ.

ಹೊಸ ಶತಮಾನ ಬಂತು, ಜೊತೆಗೆ ದೊಡ್ಡ ದೊಡ್ಡ ಸ್ಪೀಕರಿನ ಗಾಡಿಗಳೂ ಬಂದವು. ಎಂಟು ಜನ ಊದುವುದನ್ನು ಕ್ಯಾಸಿಯೋ ಕೀಬೋರ್ಡಿನ ಮುಂದೆ ಒಬ್ಬನೇ ಕೂತು ಬಾರಿಸುವಂತಾಯಿತು. ಸುಗ್ಗಿಯ ನಂತರ ಬಿಡುವಿಲ್ಲದಿದ್ದ ನಮಗೆ ಮನೆಯಲ್ಲಿ ಕೂತು ಕೋಟಿನ ಗುಂಡಿ ಉಜ್ಜುವ ದಿನಗಳು ಬಂದವು. ನಮ್ಮನ್ನು ಬಿಡದೆ ಕರೆಯುವ ಮನೆಗಳು ಬೆರಳೆಣಿಕೆಯಷ್ಟು ಉಳಿದವು. ಆಗಲೇ ಒಂದು ದಿನ ಪಾಟೀಲ ಸರ್ ಸಿಂದಗಿಗೆ ನಮ್ಮ ತಾಲೀಮಿನ ಕೋಣೆಗೇ ಬಂದರು, ಕೈಯಲ್ಲಿ ಸಿಡಿ.

"ಮಾಸ್ತರ, ಗೆಳೆಯ ಪೂರಾ ರೆಕಾರ್ಡ್ ಕಳಸ್ಯಾನ. ಮಾತು ಬರದೂ ಕಳಸ್ಯಾನ. ಕೊನೀ ಐತಿ ಇದರಾಗ!"

ಎಂಟೂ ಜನ ಸುತ್ತ ಕೂತೆವು. ಸರ್ ಕಾಗದ ನೋಡಿ ನಮ್ಮ ಮಾತಿನಲ್ಲಿ ಹೇಳುತ್ತ ಹೋದರು. ಹಾಡುಗಾರ ಕೇಳುವ ಮೊದಲನೆಯ ಪ್ರಶ್ನೆ: ಹಬ್ಬದ ಅಡುಗೆ ಮಾಡಿದವರು ಯಾರು? ಹೆಂಗಸರು ಹೇಳುತ್ತಾರೆ: ನಾವು. ಎರಡನೆಯದು: ಊಟಕ್ಕೆ ಕೂತವರು ಯಾರು? ಇದಕ್ಕೆ ಯಾರೂ ಮಾತಾಡುವುದಿಲ್ಲ, ವಾದ್ಯ ಮಾತ್ರ. ನಮ್ಮ ಕ್ಯಾಸೆಟ್ಟು ನಿಂತ ಜಾಗವೂ ದಾಟಿತು. ಅಲ್ಲಿಂದ ಮುಂದೆ ಎಲ್ಲ ವಾದ್ಯಗಳೂ ಒಂದೊಂದಾಗಿ ಬಾಯಿ ಮುಚ್ಚಿ ಡ್ರಮ್ಮು ಒಂದೇ ಉಳಿಯಿತು. ಅದರ ಮೇಲೆ ಹೆಂಗಸರು, ಗಂಡಸರು ಎಲ್ಲ ಸೇರಿ ಮೆಲ್ಲಗೆ ಒಂದು ಮಾತು ಹೇಳಿದರು. ಕೂಗಲಿಲ್ಲ, ಬೈಯಲಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವಷ್ಟೇ ಸಹಜವಾಗಿ ಹೇಳಿದರು. ಅಲ್ಲಿಗೆ ಹಾಡು ಮುಗಿಯಿತು.

"ಏನಂದ್ರು?" ಯಲ್ಲಪ್ಪ ಕೇಳಿದ.

"ಸರೀರಿ ಸ್ವಲ್ಪ, ನಾವೂ ಕುಂದರ್ತೀವಿ. ಅಷ್ಟ."

"ಅಷ್ಟನ?"

"ಅಷ್ಟ. ಇದನ್ನ ಹಾಡಿದ್ದಕ್ಕ ಅವನ ಮ್ಯಾಲ ದೊಡ್ಡ ಮಂದಿ ಭಾಳ ಸಿಟ್ಟಾದ್ರಂತ."

ಯಲ್ಲಪ್ಪ ಇನ್ನೊಮ್ಮೆ ಹಾಕಿಸಿ ಕೇಳಿದ. ಎಂಟು ವರ್ಷ ಆ ಪ್ರಶ್ನೆಯನ್ನು ನಾನೇ ಊದಿದ್ದೆ, ಹಂದರದ ಬಾಗಿಲಲ್ಲಿ ನಿಂತು, ಅರ್ಥ ಗೊತ್ತಿಲ್ಲದೆ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಾದದ್ದು ಬಿಟ್ಟರೆ ನಾನು ಬೇರೇನೂ ಮಾಡಲಿಲ್ಲ ಎನ್ನುವುದನ್ನೂ ಬರೆಯಬೇಕು.

ಅದೇ ವರ್ಷ ಆಲಮೇಲದ ಕಡೆ ಒಂದು ಹಳ್ಳಿಯಲ್ಲಿ ಸಾಹುಕಾರರ ಮಗಳ ಮದುವೆ. ದೊಡ್ಡ ಮನೆತನ, ಗಾಡಿ ಸ್ಪೀಕರು ಬಂದರೂ ನಮ್ಮನ್ನು ಬಿಡದ ಮನೆ. ಅಲ್ಲಿ ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಬಾಕಿ ಇದ್ದವು. ಈ ಮನೆ ಕಳೆದುಕೊಂಡರೆ ಬ್ಯಾಂಡಿಗೆ ಬೀಗ ಹಾಕಿದಂತೆಯೇ. ಟೆಂಪೋದಿಂದ ಸಾಮಾನು ಇಳಿಸುವಾಗ ಯಲ್ಲಪ್ಪನ ಚೀಲ ಹಗುರ ಎನ್ನಿಸಿತು.

"ತಾಟು ಎಲ್ಲೋ?"

"ತಂದಿಲ್ರಿ."

"ಮರತ್ಯಾ?"

"ಇಲ್ರಿ. ನೆನಪಿಟ್ಟು ಬಿಟ್ಟು ಬಂದೇನಿ."

ನಾನು ನಕ್ಕೆ, ಅವನು ನಗಲಿಲ್ಲ. ನನ್ನ ನಗು ಅರ್ಧಕ್ಕೆ ನಿಂತಿತು.

ಮೆರವಣಿಗೆ ಹಂದರದ ಬಾಗಿಲಿಗೆ ಬಂತು. ಮದುಮಗನ ಗೆಳೆಯರು ಆ ಹಾಡನ್ನೇ ಕೇಳಿದರು. ಬಾರಿಸಿದೆವು. ಜನ ಮನದಣಿಯೆ ಕುಣಿದರು. ನಾನು ಕ್ಲಾರಿನೆಟ್ಟು ಮೇಲೆತ್ತಿದೆ. ಏಟು ಬೀಳಲಿಲ್ಲ. ನೋಡಿಲ್ಲವೇನೋ ಎಂದು ಇನ್ನೊಂದು ಸುತ್ತು ಹೋಗಿ ಮತ್ತೆ ಎತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ, ನಡೆ ಬಿಡದೆ ಬಾರಿಸುತ್ತಿದ್ದ. ಸಾಹುಕಾರರು ಬಂದರು.

"ಮಾಸ್ತರ, ಸಾಕ ಮಾಡ್ರಿ! ಅಕ್ಕಿಕಾಳಿನ ಹೊತ್ತು ಮೀರಾಕತ್ತೈತಿ."

ನಾನು ಊದುತ್ತಲೇ ಯಲ್ಲಪ್ಪನ ಹತ್ತಿರ ಹೋಗಿ, ಬಾಯಿಂದ ಕ್ಲಾರಿನೆಟ್ಟು ತೆಗೆದು, "ಏ, ಏಟು ಹಾಕೋ!" ಎಂದೆ.

"ನನ್ನ ಊಟ ಎಲ್ಲಿ ಅಂತ ಕೇಳ್ರಿ ಮದ್ಲ."

"ಈಗ ಕೇಳೂ ಮಾತೇನೋ ಅದು?"

"ಹಾಡು ಮುಗದ ಮ್ಯಾಲ ನಮ್ಮನ್ನ ಯಾರು ಕೇಳ್ತಾರ್ರಿ ಮಾಸ್ತರ?"

ಅವನ ಕೈಯಿಂದ ಕೋಲು ಕಸಿದು ನಾನೇ ಒಂದು ಏಟು ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ಕೈ ಮುಂದೆ ಹೋಗಿತ್ತು ಕೂಡ. ಸುಳ್ಳು ಹೇಳುವುದಿಲ್ಲ. ಉಳಿದ ಎರಡು ಮದುವೆ, ಮನೆಯಲ್ಲಿ ಕೂತ ದಿನಗಳು, ಎಲ್ಲ ಒಮ್ಮೆಗೇ ನೆನಪಾದವು. ಆದರೆ ನುಂಗಬೇಕಾದ ಏಟನ್ನು ಅವನು ಒಂದು ಸಲ ನುಂಗದೆ ಹೊಡೆದದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ಒಂದೂ ತಾಳ ತಪ್ಪದ ಕೈ ಅದು. ಅವನೂ ಹೆದರಿದ್ದ, ಹೆದರಿಯೂ ಬಾರಿಸುತ್ತಿದ್ದ. ನಾನು ತಿರುಗಿ ಸಾಹುಕಾರರ ಎದುರು ಹೋಗಿ ನಿಂತೆ.

"ಸಾಹುಕಾರ್ರ, ಎಂಟೂ ಮಂದಿ ಒಂದ ಪಂಗ್ತ್ಯಾಗ ಉಣ್ಣೂದು ಅಂದ್ರ ಹಾಡು ಮುಗೀತೈತ್ರಿ."

"ಮದಿವಿ ದಿನ ಅಡ್ಡಗಾಲು ಹಾಕ್ತೀ ಏನು?" ಅವರ ಮುಖ ಕೆಂಡವಾಯಿತು.

ನಾನು ಕ್ಲಾರಿನೆಟ್ಟು ಬಾಯಿಗಿಟ್ಟು ಆ ಎರಡನೆಯ ಪ್ರಶ್ನೆಯನ್ನೇ ಊದಿದೆ. ಅರ್ಥ ತಿಳಿದು ಊದಿದ್ದು ಅದೇ ಮೊದಲು. ನಮ್ಮವರೆಲ್ಲ ಹಿಂದೆಯೇ ಎತ್ತಿಕೊಂಡರು. ಒಂದು ಸುತ್ತು, ಎರಡು ಸುತ್ತು. ಕುಣಿಯುವವರು ನಿಂತರು. ಮದುಮಗ ಬೆವರು ಒರೆಸಿಕೊಂಡ. ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಸಾಹುಕಾರರ ತಾಯಿ ಆಗ ಹೊರಗೆ ಬಂದರು.

"ಏ ತಮ್ಮಾ, ಹೊರಗ ಅವನ ಬಡತಕ್ಕ ಕುಣಿಯೂದು ನಡೀತೈತಿ, ಒಳಗ ಅವ ಉಂಡ್ರ ನಡಿಯೂದಿಲ್ಲೇನು? ಒಂದು ಪತ್ರಾವಳಿ ಹೆಚ್ಚಿಗಿ ಹಾಕಂತ ಹೇಳು. ನನ್ನ ಆರತಿ ಎಣ್ಣಿ ತೀರಾಕ ಬಂತು."

ಸಾಹುಕಾರರು ತಾಯಿಯನ್ನು ನೋಡಿದರು, ಸೂರ್ಯನನ್ನು ನೋಡಿದರು, ಅಳಿಯನನ್ನು ನೋಡಿದರು. "ಆತು. ಹಾಕ್ತಾರ. ಮುಗಸ್ರಪಾ" ಎಂದರು. ಧಡಲ್! ಏಟು ಬಿತ್ತು.

ಆ ಮನೆಯ ಉಳಿದ ಎರಡು ಮದುವೆಗಳಿಗೆ ನಮ್ಮನ್ನು ಕರೆಯಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕತೆ ಸಿಹಿಯಾದೀತು. ಅವತ್ತು ಕೊನೆಯ ಪಂಕ್ತಿಯಲ್ಲಿ ನಾಲ್ಕಾರು ಜನ ಎದ್ದು ಬೇರೆ ಕಡೆ ಹೋದರು. ತೆರವಾದ ಜಾಗವನ್ನೂ ತುಂಬಿಕೊಂಡು ನಾವು ಏಳು ಜನ ವಾಡಿಕೆಯಂತೆ ಸಾಲಾಗಿ ಕೂತೆವು. ಗೋಧಿ ಹುಗ್ಗಿ ಬಂತು. ಯಾವಾಗಿನಂತೆ ನಾನು ಕಾಲು ಅಗಲಿಸಿ ಕೂತು, ಟೊಪ್ಪಿಗೆ ಒಂದು ಬದಿಗೆ, ಕ್ಲಾರಿನೆಟ್ಟು ಇನ್ನೊಂದು ಬದಿಗೆ ಇಟ್ಟುಕೊಂಡಿದ್ದೆ. ತುತ್ತು ಎತ್ತಬೇಕು, ಎದುರಿಗೆ ಎರಡು ಕಾಲು ಬಂದು ನಿಂತವು. ತಲೆ ಎತ್ತಿದೆ. ಯಲ್ಲಪ್ಪ ಪತ್ರಾವಳಿ ಹಿಡಿದು ನಿಂತಿದ್ದ. ಸಾಲಿನಲ್ಲಿ ಎಲ್ಲೂ ಜಾಗ ಇರಲಿಲ್ಲ. ಅವನಿಗಾಗಿ ಒಂದು ಜಾಗ ಬಿಡಬೇಕೆಂದು ನಮ್ಮ ಏಳೂ ಜನರಿಗೆ ಹೊಳೆದಿರಲಿಲ್ಲ.

"ಮಾಸ್ತರ," ಎಂದ, ಮೆಲ್ಲಗೆ, "ಸರೀರಿ ಸ್ವಲ್ಪ."

ಸಾಹುಕಾರರನ್ನು ಸರಿಸಲು ಅರ್ಧ ತಾಸು ಬಾರಿಸಿದ್ದೆವು. ನನ್ನನ್ನು ಯಾರೂ ಇಷ್ಟು ವರ್ಷ ಕೇಳಿರಲೇ ಇಲ್ಲ. ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡೆ, ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ, ಕಾಲು ಮಡಚಿಕೊಂಡೆ.

"ಕುಂದರ್ರಿ, ಯಲ್ಲಪ್ಪಣ್ಣ" ಎಂದು ಸರಿದೆ.